ಸಮಕಾಲೀನ ಕ್ಯಾಟಲಾನ್ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಟಲಾನ್ ಭಾಷೆಯ ಹೊಸ ನಾಟಕಗಳ ಬಗ್ಗೆ ರಂಗಾಸಕ್ತರು, ಅನುವಾದಕರು, ಹೊಸ ಪಠ್ಯ ಹುಡುಕುವ ನಿರ್ದೇಶಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದವು ಮೊದಲು, ತಾಂತ್ರಿಕವಾದವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಕ್ಯಾಟಲಾನ್ ಅಂದ್ರೆ ಸ್ಪ್ಯಾನಿಷ್‌ನದೇ ಒಂದು ಆಡುಭಾಷೆ ಅಲ್ವಾ? ಅದಕ್ಕೆ ಬೇರೆ ನಾಟಕ ಪರಂಪರೆ ಇದೆಯಾ?

ಅಲ್ಲ. ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್‌ಗಳಂತೆಯೇ ಕ್ಯಾಟಲಾನ್ ಕೂಡ ಲ್ಯಾಟಿನ್ನಿನಿಂದ ಬೆಳೆದ ಸ್ವತಂತ್ರ ಭಾಷೆ. ಸ್ಪೇನಿನ ಕ್ಯಾಟಲೋನಿಯಾ (ರಾಜಧಾನಿ ಬಾರ್ಸಲೋನಾ), ವಲೆನ್ಸಿಯಾ, ಬಲೇರಿಕ್ ದ್ವೀಪಗಳು, ಫ್ರಾನ್ಸಿನ ರೂಸಿಯೋ ಪ್ರದೇಶ, ಇಟಲಿಯ ಸಾರ್ಡೀನಿಯಾ ದ್ವೀಪದ ಆಲ್ಗೇರೊ ಪಟ್ಟಣ ಇಲ್ಲೆಲ್ಲ ಅದನ್ನು ಆಡುತ್ತಾರೆ. ಪುಟ್ಟ ದೇಶ ಆಂಡೊರಾದಲ್ಲಿ ಅದೇ ಅಧಿಕೃತ ಭಾಷೆ.

ನಾಟಕದ ಪರಂಪರೆಯೂ ಗಟ್ಟಿಯಾದದ್ದೇ. ಆಂಜಲ್ ಗಿಮೆರಾ (1845–1924) ಬರೆದ ‘ತೆರ್ರಾ ಬಾಷಾ’ (ತಗ್ಗಿನ ನಾಡು) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಂಗಕ್ಕೆ ಬಂತು. ಇಂದಿಗೂ ಅದು ಪ್ರಯೋಗವಾಗುತ್ತಿದೆ. 1939ರಲ್ಲಿ ಸ್ಪೇನಿನ ಅಂತರ್ಯುದ್ಧ ಗೆದ್ದು ಜನರಲ್ ಫ್ರಾಂಕೊ ಸರ್ವಾಧಿಕಾರಿಯಾದ ಮೇಲೆ ಕ್ಯಾಟಲಾನ್‌ನಲ್ಲಿ ನಾಟಕ ಆಡುವುದನ್ನೇ ನಿಷೇಧಿಸಲಾಯಿತು. 1946ರಲ್ಲಿ ಒಂದಿಷ್ಟು ಸಡಿಲಿಕೆ ಸಿಕ್ಕಿತಾದರೂ ಸೆನ್ಸಾರ್ 1975ರಲ್ಲಿ ಫ್ರಾಂಕೊ ಸಾಯುವವರೆಗೂ, ಸತ್ತ ಮೇಲೂ ಕೆಲಕಾಲ, ಬೆನ್ನು ಬಿಡಲಿಲ್ಲ. ಈ ಕಡಿತ ಎಷ್ಟು ಆಳವಾಗಿತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಉತ್ತರಗಳೂ ಸರಿಯಾಗಿ ಅರ್ಥವಾಗುತ್ತವೆ. ಬರೆಯುವವರು, ಆಡುವವರು, ನೋಡುವವರು, ಮೂವರನ್ನೂ ಮತ್ತೆ ಕಟ್ಟಬೇಕಾಗಿತ್ತು.

‘ಸಮಕಾಲೀನ’ ಅಂತ ಯಾವ ವರ್ಷದಿಂದ ಲೆಕ್ಕ ಹಾಕಬೇಕು?

1989–91ರಿಂದ ಎಂದು ಹಿಡಿಯುವುದು ಸರಿ. ಕಾರಣ ಇದು: ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕ್ಯಾಟಲಾನ್ ರಂಗಭೂಮಿಯನ್ನು ಆಳಿದ್ದು ತಂಡಗಳು. ಎಲ್ಸ್ ಜುಗ್ಲಾರ್ಸ್ (1962), ಕುಮೆದಿಯಾಂಸ್ (1971), ಲಾ ಫುರಾ ದೆಲ್ಸ್ ಬಾವ್ಸ್ (1979) ಇವರದು ದೇಹ, ಮುಖವಾಡ, ಬೀದಿ, ಬೆಂಕಿಗಳ ರಂಗಭೂಮಿ. ಸೆನ್ಸಾರಿನವರು ಓದಲು ಪಠ್ಯವೇ ಇಲ್ಲದಿದ್ದರೆ ಕತ್ತರಿ ಹಾಕುವುದು ಕಷ್ಟ ಎಂಬುದೂ ಇದರ ಹಿಂದಿತ್ತು. ಹೀಗಾಗಿ ಒಬ್ಬರೇ ಕೂತು ಬರೆಯುವ ನಾಟಕಕಾರ ಮೂಲೆಗೆ ಸರಿದಿದ್ದ.

ಆ ಕಾಲದುದ್ದಕ್ಕೂ ಪಟ್ಟು ಬಿಡದೆ ಬರೆದವರು ಜುಜೆಪ್ ಮರಿಯಾ ಬೆನೆಟ್ ಇ ಜೊರ್ನೆಟ್ (1940–2020). 1963ರಲ್ಲೇ ಮೊದಲ ನಾಟಕಕ್ಕೆ ಬಹುಮಾನ ಪಡೆದಿದ್ದ ಅವರು ‘ದೆಜಿಗ್’ (ಆಸೆ) ಎಂಬ ನಾಟಕದಲ್ಲಿ ತಮ್ಮ ಶೈಲಿಯನ್ನೇ ಬದಲಿಸಿಕೊಂಡರು. 1991ರಲ್ಲಿ ಅದನ್ನು ನಿರ್ದೇಶಿಸಿದ್ದು ಅವರಿಗಿಂತ 23 ವರ್ಷ ಚಿಕ್ಕವರಾದ ಸೆರ್ಜಿ ಬೆಲ್ಬೆಲ್. ಹಿರಿಯರೊಬ್ಬರು ಕಿರಿಯರ ಕಡೆಗೆ ನಡೆದು ಬಂದದ್ದು, ಕಿರಿಯರು ಅವರನ್ನು ಕೈಹಿಡಿದು ರಂಗಕ್ಕೆ ತಂದದ್ದು, ಎರಡೂ ಒಟ್ಟಿಗೆ ನಡೆದ ಆ ಪ್ರಯೋಗವನ್ನೇ ಹೊಸ ಯುಗದ ಬಾಗಿಲು ಎಂದು ನಾವು ಎಣಿಸುತ್ತೇವೆ.

ಲೋರ್ಕಾ ಓದಿದ್ದೀನಿ. ಇದೂ ಹಾಗೇ ಇರುತ್ತಾ?

ಇಲ್ಲ. ಕವಿ, ನಾಟಕಕಾರ ಲೋರ್ಕಾ ದಕ್ಷಿಣ ಸ್ಪೇನಿನ ಆಂಡಲೂಸಿಯಾದವರು, ನಾಟಕಗಳನ್ನು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ನಂಟು ಇರುವುದು ನಟಿಯೊಬ್ಬರ ಮೂಲಕ: ಅವರ ‘ಯೆರ್ಮಾ’ವನ್ನು 1934ರಲ್ಲಿ ಮೊದಲು ರಂಗಕ್ಕೆ ತಂದ ಮಾರ್ಗರಿದಾ ಶಿರ್ಗು ಕ್ಯಾಟಲಾನ್ ನಟಿ. ಇಂದಿನ ಕ್ಯಾಟಲಾನ್ ನಾಟಕದಲ್ಲಿ ಕಾವ್ಯದ ಅಬ್ಬರ, ರಕ್ತದ ಸೇಡು ಬಹಳ ಕಡಿಮೆ. ಬೆಕೆಟ್, ಪಿಂಟರ್, ಫ್ರೆಂಚ್ ನಾಟಕಕಾರ ಕೊಲ್ತೆಸ್ ಇವರಿಂದ ಅದು ಕಲಿತದ್ದು ಹೆಚ್ಚು.

ಏನೂ ಗೊತ್ತಿಲ್ಲದವರು ಯಾವ ನಾಟಕದಿಂದ ಶುರು ಮಾಡಲಿ?

ಜೊರ್ದಿ ಗಲ್ಸೆರಾನ್ ಅವರ ‘ಎಲ್ ಮೆತೊದ್ ಗ್ರೋನ್‌ಹೋಮ್’ (2003). ದೊಡ್ಡ ಕಂಪನಿಯೊಂದರ ಹುದ್ದೆಗೆ ನಾಲ್ವರು ಅಭ್ಯರ್ಥಿಗಳು, ಒಂದೇ ಕೋಣೆ, ಕೊನೆಯ ಸುತ್ತಿನ ಸಂದರ್ಶನ. ಕಥೆ ರಂಗದ ಮೇಲೆ ಗಡಿಯಾರದ ವೇಗದಲ್ಲೇ ಸಾಗುತ್ತದೆ. ತಿರುವುಗಳನ್ನು ಮೊದಲೇ ತಿಳಿದುಕೊಳ್ಳಬೇಡಿ.

ಅದಾದ ಮೇಲೆ ಜುಜೆಪ್ ಮರಿಯಾ ಮಿರೊ ಅವರ ‘ಎಲ್ ಪ್ರಿನ್ಸಿಪಿ ದಾರ್ಕಿಮೆದೆಸ್’ (ಆರ್ಕಿಮಿಡೀಸ್ ತತ್ವ). ಮೂರನೆಯದಾಗಿ ಲ್ಯುಯಿಸಾ ಕುನಿಲ್ಯೆ ಅವರ ‘ಬಾರ್ಸಲೋನಾ, ಮಾಪಾ ದೊಂಬ್ರೆಸ್’ (ಬಾರ್ಸಲೋನಾ, ನೆರಳುಗಳ ನಕ್ಷೆ). ಕುನಿಲ್ಯೆಯಿಂದ ಆರಂಭಿಸಿದವರಲ್ಲಿ ಹಲವರು ‘ಇಲ್ಲಿ ಏನೂ ನಡೆಯುವುದೇ ಇಲ್ಲ’ ಎಂದು ಪುಸ್ತಕ ಮುಚ್ಚಿಡುತ್ತಾರೆ. ಅವರ ನಾಟಕಕ್ಕೆ ಕಿವಿ ಹದವಾಗಿರಬೇಕು, ಅದಕ್ಕೇ ಮೂರನೆಯ ಸ್ಥಾನ. ಯೋಗ್ಯತೆಯಲ್ಲಿ ಅವರೇ ಮೊದಲಿಗರು ಎಂಬುದು ನಮ್ಮ ಅಭಿಪ್ರಾಯ.

## ಏನು ಬರೆಯುತ್ತಾರೆ, ಹೇಗೆ ಬದಲಾಯಿತು

ತೊಂಬತ್ತರ ದಶಕದ ನಾಟಕಗಳಲ್ಲಿ ಪಾತ್ರಗಳಿಗೆ ಹೆಸರೂ ಇಲ್ಲ, ಊರೂ ಇಲ್ಲ. ಯಾಕೆ?

‘ಗಂಡಸು’, ‘ಹೆಂಗಸು’, ‘ಯುವಕ’, ಇಷ್ಟೇ ಪಾತ್ರಪಟ್ಟಿ. ಒಂದು ಕೋಣೆ, ಒಂದು ರಸ್ತೆ, ಇಷ್ಟೇ ಸ್ಥಳ. ಇದಕ್ಕೆ ಮೂರು ಕಾರಣಗಳು ಒಟ್ಟಾಗಿ ಕೆಲಸ ಮಾಡಿದವು.

ಮೊದಲನೆಯದು ಗುರುವಿನ ಪ್ರಭಾವ. ವಲೆನ್ಸಿಯಾ ಮೂಲದ ಹೊಸೆ ಸಾಂಚಿಸ್ ಸಿನಿಸ್ತೆರ್ರಾ ಬಾರ್ಸಲೋನಾದಲ್ಲಿ ನಡೆಸಿದ ಬರವಣಿಗೆಯ ಕಮ್ಮಟಗಳಲ್ಲಿ ಪಾಠ ಒಂದೇ: ಪ್ರೇಕ್ಷಕನಿಗೆ ಬೇಕಾದ ಮಾಹಿತಿಯಲ್ಲಿ ಅರ್ಧವನ್ನು ತೆಗೆದುಬಿಡಿ, ಉಳಿದರ್ಧವನ್ನು ಅವನೇ ಕಟ್ಟಿಕೊಳ್ಳಲಿ. ಕುನಿಲ್ಯೆ ಈ ಕಮ್ಮಟಗಳಿಂದಲೇ ಬಂದವರು. ಎರಡನೆಯದು, ಹಿಂದಿನ ತಲೆಮಾರಿನ ರಾಜಕೀಯ ನಾಟಕದ ಬಗ್ಗೆ ಹುಟ್ಟಿದ್ದ ದಣಿವು. ಘೋಷಣೆಯಿಂದ ದೂರ ಸರಿಯಲು ಹೆಸರಿಲ್ಲದ ಸ್ಥಳ ಅನುಕೂಲವಾಯಿತು. ಮೂರನೆಯದನ್ನು ಕಡಿಮೆ ಜನ ಹೇಳುತ್ತಾರೆ, ಆದರೆ ನಮಗೆ ಇದೇ ಮುಖ್ಯ ಅನ್ನಿಸುತ್ತದೆ. ಬಾರ್ಸಲೋನಾದ ಬೀದಿಯಲ್ಲಿ ನಿಂತ ಪಾತ್ರ ಯಾವ ಭಾಷೆ ಮಾತಾಡಬೇಕು? ಪೊಲೀಸಿನವನು, ಟ್ಯಾಕ್ಸಿಯವನು, ಆಂಡಲೂಸಿಯಾದಿಂದ ವಲಸೆ ಬಂದ ಕಾರ್ಮಿಕನ ಮಗಳು ನಿಜದಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಊರನ್ನೇ ಹೆಸರಿಸದಿದ್ದರೆ ಈ ಪ್ರಶ್ನೆ ಏಳುವುದಿಲ್ಲ, ಎಲ್ಲರೂ ಕ್ಯಾಟಲಾನ್ ಆಡಬಹುದು.

ಬೆಲ್ಬೆಲ್ ಈ ಖಾಲಿತನವನ್ನು ರಚನೆಯ ಆಟದಿಂದ ತುಂಬಿದರು. ‘ಕರೀಸಿಯೆಸ್’ (ಮೈದಡವುವಿಕೆ) ನಾಟಕದಲ್ಲಿ ದೃಶ್ಯಕ್ಕೆ ಇಬ್ಬರೇ ಪಾತ್ರಗಳು. ಅವರಲ್ಲಿ ಒಬ್ಬರು ಮುಂದಿನ ದೃಶ್ಯಕ್ಕೆ ದಾಟುತ್ತಾರೆ, ಸರಪಳಿ ಮುಂದುವರಿಯುತ್ತದೆ. ‘ಮುರಿ’ (ಸಾಯುವುದು) ನಾಟಕದ ಮೊದಲರ್ಧದಲ್ಲಿ ಏಳು ದೃಶ್ಯ, ಏಳು ಸಾವು. ಎರಡನೆಯರ್ಧದಲ್ಲಿ ಅದೇ ಜನ ಸಾವನ್ನು ತಪ್ಪಿಸಿಕೊಳ್ಳುತ್ತಾರೆ.

ಆಮೇಲೆ ಊರು, ಬೀದಿ ಹೇಗೆ ವಾಪಸ್ ಬಂದವು?

ಬೇಕೆಂದೇ ತಂದರು. 2004ರಲ್ಲಿ ಬಾರ್ಸಲೋನಾದ ಸಾಲಾ ಬೆಕೆಟ್ ರಂಗಮಂದಿರ ‘ಕ್ರಿಯೆ ನಡೆಯುವುದು ಬಾರ್ಸಲೋನಾದಲ್ಲಿ’ ಎಂಬ ಸರಣಿಗಾಗಿ ನಾಟಕಕಾರರಿಂದ ಹೊಸ ಪಠ್ಯ ಬರೆಸಿತು. ಷರತ್ತು ಶೀರ್ಷಿಕೆಯಲ್ಲೇ ಇತ್ತು. ಕುನಿಲ್ಯೆಯವರ ‘ನೆರಳುಗಳ ನಕ್ಷೆ’ ಹುಟ್ಟಿದ್ದು ಹಾಗೆ: ಹಳೆಯ ಮನೆಯೊಂದರಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುವ ವೃದ್ಧ ದಂಪತಿ, ಗಂಡ ಸಾಯುವ ಹಂತದಲ್ಲಿದ್ದಾನೆ, ಬಾಡಿಗೆದಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಜಾಗ ಖಾಲಿ ಮಾಡಲು ಹೇಳುತ್ತಾರೆ. ಪಾವ್ ಮಿರೊ ಅವರ ‘ಪ್ಲೊವು ಆ ಬಾರ್ಸಲೋನಾ’ (ಬಾರ್ಸಲೋನಾದಲ್ಲಿ ಮಳೆ) ರವಾಲ್ ಎಂಬ ಬಡ ಬಡಾವಣೆಯ ನಾಟಕ. ಇದು ನೇಪಲ್ಸಿಗೆ ಹೋದಾಗ ಅಲ್ಲಿನ ಆಡುಭಾಷೆಗೆ, ಅಲ್ಲಿನ ಬೀದಿಗಳಿಗೆ ಹೊಂದಿಕೊಂಡು ‘ಕ್ಯೋವೆ’ ಆಯಿತು. ನಿರ್ದಿಷ್ಟ ಊರಿನ ಮಾತು ಇನ್ನೊಂದು ಊರಿಗೆ ಸುಲಭವಾಗಿ ದಾಟಿದ ಈ ಉದಾಹರಣೆ ಅನುವಾದಕರಿಗೆ ಬಹಳ ಕಲಿಸುತ್ತದೆ.

2006ರ ಹೊತ್ತಿಗೆ ಜೊರ್ದಿ ಕಾಸಾನೊವಾಸ್ (ಜನನ 1978) ವಿಡಿಯೊ ಗೇಮ್‌ಗಳ ಹೆಸರಿಟ್ಟು ನಾಟಕತ್ರಯ ಬರೆದರು. ‘ಉನಾ ಇಸ್ತೋರಿಯಾ ಕತಲಾನಾ’ದಲ್ಲಿ ಪಲ್ಯಾರ್ಸ್ ಬೆಟ್ಟಸೀಮೆಯನ್ನೂ ಬಾರ್ಸಲೋನಾ ಅಂಚಿನ ಲಾ ಮೀನಾ ಬಡಾವಣೆಯನ್ನೂ ಒಂದೇ ನಾಟಕಕ್ಕೆ ತಂದರು.

ಎಲ್ಲ ನಾಟಕದಲ್ಲೂ ಎರಡರಿಂದ ನಾಲ್ಕೇ ಪಾತ್ರ ಯಾಕೆ? ಒಂದೂವರೆ ಗಂಟೆಗಿಂತ ಉದ್ದ ಯಾಕಿಲ್ಲ?

ಜಾಗ ಮತ್ತು ದುಡ್ಡು. ಹೊಸ ನಾಟಕ ಮೊದಲು ಕಾಣುವುದು ಪುಟ್ಟ ರಂಗಮಂದಿರಗಳಲ್ಲಿ. ಕಾಸಾನೊವಾಸ್ ಮತ್ತು ಗೆಳೆಯರು 2010ರಲ್ಲಿ ಸಾಂಸ್ ಬಡಾವಣೆಯಲ್ಲಿ ತೆರೆದ ಸಾಲಾ ಫ್ಲೈಹಾರ್ಡ್‌ನಲ್ಲಿ ಆಸನಗಳು ನಲವತ್ತರ ಆಸುಪಾಸು. ಲೆಕ್ಕ ಹಾಕಿ: 40 ಆಸನವೂ ತುಂಬಿ, ಟಿಕೆಟ್ 15 ಯೂರೊ ಎಂದಿಟ್ಟುಕೊಂಡರೂ ರಾತ್ರಿಗೆ 600 ಯೂರೊ. ನಾಲ್ವರು ನಟರು, ನಿರ್ದೇಶಕ, ತಂತ್ರಜ್ಞ, ನಾಟಕಕಾರ, ತೆರಿಗೆ ಎಲ್ಲಕ್ಕೂ ಅಷ್ಟರಲ್ಲೇ ಹಂಚಬೇಕು. ಐದನೆಯ ಪಾತ್ರ ಬರೆಯುವ ಮುನ್ನ ನಾಟಕಕಾರ ಎರಡು ಸಲ ಯೋಚಿಸುತ್ತಾನೆ.

2008ರ ಆರ್ಥಿಕ ಕುಸಿತ ಇದನ್ನು ಇನ್ನೂ ಬಿಗಿ ಮಾಡಿತು. 2012ರ ಸೆಪ್ಟೆಂಬರಿನಲ್ಲಿ ಸ್ಪೇನ್ ಸರ್ಕಾರ ನಾಟಕದ ಟಿಕೆಟ್ ಮೇಲಿನ ತೆರಿಗೆಯನ್ನು ಶೇ 8ರಿಂದ ಶೇ 21ಕ್ಕೆ ಏರಿಸಿತು. ಗಿರೋನಾ ಬಳಿಯ ಬೆಸ್ಕನೊ ಎಂಬ ಊರಿನ ರಂಗಮಂದಿರ ಆಗ ಟಿಕೆಟ್ ಬದಲು 13 ಯೂರೊಗೆ ಒಂದು ಗಜ್ಜರಿ ಮಾರಿತು. ಗಜ್ಜರಿಗೆ ತೆರಿಗೆ ಶೇ 4 ಮಾತ್ರ. ಕೊಂಡವರಿಗೆ ನಾಟಕ ಉಚಿತ. 2017ರಲ್ಲಿ ತೆರಿಗೆ ಶೇ 10ಕ್ಕೆ ಇಳಿಯಿತು.

ಈ ಒತ್ತಡದಿಂದ ಒಳ್ಳೆಯದೂ ಆಯಿತು. ಪ್ರೇಕ್ಷಕ ಮೂರಡಿ ದೂರದಲ್ಲಿ ಕೂತಿರುವಾಗ ನಟ ಕಿರುಚಬೇಕಿಲ್ಲ. ಬರವಣಿಗೆಯೂ ಪಿಸುಮಾತಿನ ಅಳತೆಗೆ ಬಂತು. ಗಿಲ್ಯೆಮ್ ಕ್ಲುವಾ ಅವರ ‘ಸ್ಮೈಲಿ’ 2012ರಲ್ಲಿ ಫ್ಲೈಹಾರ್ಡ್‌ನಲ್ಲಿ ಇಬ್ಬರು ನಟರ ನಾಟಕವಾಗಿ ಶುರುವಾಯಿತು, 2022ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾಯಿತು.

ಕೋರ್ಟಿನ ದಾಖಲೆಯನ್ನೇ ನಾಟಕ ಮಾಡ್ತಾರಂತೆ, ಅದು ಹೇಗೆ?

ಈ ದಾರಿಯಲ್ಲಿ ಮುಂದಿರುವವರು ಕಾಸಾನೊವಾಸ್. ‘ರುಸ್–ಬಾರ್ಸೆನಾಸ್’ (2014) ನಾಟಕಕ್ಕೆ ಆಧಾರ, ಆಗ ಸ್ಪೇನನ್ನು ಆಳುತ್ತಿದ್ದ ಪಕ್ಷದ ಮಾಜಿ ಖಜಾಂಚಿ ಬಾರ್ಸೆನಾಸ್ 2013ರ ಜುಲೈ 15ರಂದು ನ್ಯಾಯಾಧೀಶ ರುಸ್ ಅವರ ಮುಂದೆ ಕೊಟ್ಟ ಹೇಳಿಕೆ. ‘ಹೌರಿಯಾ’ (2019) ಪಾಂಪ್ಲೋನಾದಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ವಿಚಾರಣೆಯ ದಾಖಲೆಗಳಿಂದ ಕಟ್ಟಿದ್ದು. ಮೂಲ ಹೇಳಿಕೆಗಳೇ ಸ್ಪ್ಯಾನಿಷ್‌ನಲ್ಲಿ ಇದ್ದುದರಿಂದ ಎರಡೂ ನಾಟಕಗಳು ಸ್ಪ್ಯಾನಿಷ್‌ನಲ್ಲಿವೆ, ಆದರೆ ವಿಧಾನ ಬಾರ್ಸಲೋನಾದ ಈ ಬರಹಗಾರರ ಬಳಗದ್ದೇ.

ಹೊಸ ಸಂಭಾಷಣೆ ಬರೆಯಬಾರದು, ಇರುವುದನ್ನು ಕತ್ತರಿಸಿ ಜೋಡಿಸಬೇಕು ಎಂಬುದು ಇಲ್ಲಿನ ನಿಯಮ. ಕೆಲಸ ಹೀಗೆ ಸಾಗುತ್ತದೆ: ಇಡೀ ದಾಖಲೆ ಓದಿ ಒಂದೇ ವಿಷಯದ ಪ್ರಶ್ನೋತ್ತರಗಳನ್ನು ಗುರುತಿಸುವುದು, ಮರುಕಳಿಸುವ ಪ್ರಶ್ನೆಗಳಲ್ಲಿ ಹೆಚ್ಚು ಹರಿತವಾದುದನ್ನು ಉಳಿಸುವುದು, ಹಲವು ಗಂಟೆಯ ವಿಚಾರಣೆಯನ್ನು ಒಂದು, ಒಂದೂವರೆ ಗಂಟೆಗೆ ಇಳಿಸುವುದು, ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ, ‘ನೆನಪಿಲ್ಲ’ಗಳನ್ನು ಹಾಗೇ ಬಿಡುವುದು. ಕೆಡುವುದು ಸಾಮಾನ್ಯವಾಗಿ ಕೊನೆಯ ಹಂತದಲ್ಲಿ. ಭಾಷೆ ‘ಚೆನ್ನಾಗಿ’ ಆಗಲಿ ಎಂದು ತಿದ್ದಿದ ಕೂಡಲೇ ನಂಬಿಕೆ ಹೋಗುತ್ತದೆ. ಇನ್ನೊಂದು ಅಪಾಯ, ಸಂತ್ರಸ್ತೆಯ ನೋವನ್ನು ಪ್ರದರ್ಶನಕ್ಕಿಡುವುದು. ‘ಹೌರಿಯಾ’ದ ಪ್ರಯೋಗದಲ್ಲಿ ಆರೋಪಿಗಳಾಗಿ ಕಂಡ ನಟರೇ ವಕೀಲರಾಗಿಯೂ ಬಂದು ಪ್ರಶ್ನೆ ಕೇಳುತ್ತಾರೆ. ಪ್ರೇಕ್ಷಕ ನೋಡುವುದು ಅಪರಾಧದ ಮರುಸೃಷ್ಟಿಯನ್ನಲ್ಲ, ವ್ಯವಸ್ಥೆ ಕೇಳುವ ಪ್ರಶ್ನೆಗಳನ್ನು.

ಹೆಂಗಸರು ಎಷ್ಟರಮಟ್ಟಿಗೆ ಬರೆಯುತ್ತಿದ್ದಾರೆ?

ಇಂದಿನ ಕ್ಯಾಟಲಾನ್ ನಾಟಕದ ಅತ್ಯಂತ ಜೀವಂತ ಭಾಗ ಅವರದೇ. ಕುನಿಲ್ಯೆ (ಜನನ 1961) 2010ರಲ್ಲಿ ಸ್ಪೇನಿನ ರಾಷ್ಟ್ರೀಯ ನಾಟಕ ಸಾಹಿತ್ಯ ಪ್ರಶಸ್ತಿ ಪಡೆದರು. ಅವರ ನಂತರದವರಲ್ಲಿ ಕ್ಲಾವ್ದಿಯಾ ಸೆದೊ (ಜನನ 1983) ಅವರನ್ನು ತಪ್ಪದೆ ಓದಬೇಕು. ‘ಉನಾ ಗೋಸಾ ಎನ್ ಉನ್ ದೆಸ್ಕಂಪಾತ್’ (ಬಯಲಲ್ಲಿ ಒಂದು ಹೆಣ್ಣುನಾಯಿ, 2018) ಐದು ತಿಂಗಳ ಗರ್ಭಿಣಿಯಾಗಿದ್ದಾಗ ಮಗುವನ್ನು ಕಳೆದುಕೊಂಡವಳ ನಾಟಕ. ನಾಯಕಿಯನ್ನು ಇಬ್ಬರು ನಟಿಯರು ಹಂಚಿಕೊಳ್ಳುತ್ತಾರೆ. ಯಾರೂ ಬಾಯಿಬಿಟ್ಟು ಹೇಳದ ದುಃಖವನ್ನು ಅದು ಆಸ್ಪತ್ರೆಯ ಕಾಗದ, ಹಾಲು ಬತ್ತಿಸುವ ಮಾತ್ರೆಯಂಥ ಗಟ್ಟಿ ವಿವರಗಳ ಮಟ್ಟಕ್ಕೆ ಇಳಿಸಿ ನೋಡುತ್ತದೆ. ಕ್ಯಾಟಲೋನಿಯಾ ರಾಷ್ಟ್ರೀಯ ರಂಗಮಂದಿರದಲ್ಲಿ 2021ರಲ್ಲಿ ಬಂದ ‘ಮಾರೆ ದ ಸೂಕ್ರೆ’ (ಸಕ್ಕರೆಯ ತಾಯಿ) ಬೌದ್ಧಿಕ ಅಂಗವೈಕಲ್ಯವಿರುವ ಹೆಣ್ಣುಮಗಳೊಬ್ಬಳ ತಾಯ್ತನದ ಆಸೆಯನ್ನು ಕೇಂದ್ರಕ್ಕೆ ತಂದಿತು. ರಂಗದ ಮೇಲೆ ಅಂಗವೈಕಲ್ಯವಿರುವ ನಟರೂ ಇದ್ದರು.

ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿ ಬಾರ್ಸಲೋನಾದಲ್ಲಿ ನೆಲೆಸಿದ ವಿಕ್ತೋರಿಯಾ ಸ್ಪುನ್‌ಬೆರ್ಗ್ ಅವರ ‘ಲಿಂಪೆರತಿಯು ಕತೆಗೋರಿಕ್’ (2024) ಕಾಯಂ ಕೆಲಸವಿಲ್ಲದ ತತ್ವಶಾಸ್ತ್ರದ ಅಧ್ಯಾಪಕಿಯೊಬ್ಬಳು ನಗರದಲ್ಲಿ ಬಾಡಿಗೆ ಮನೆಗಾಗಿ ಅಲೆಯುವ ಕಥೆ. ಮಾರ್ತಾ ಬುಚಾಕಾ, ಎಲೆನಾ ತುರ್ನೆರೊ ಕೂಡ ಈ ಪಟ್ಟಿಯಲ್ಲಿ ಇರಲೇಬೇಕಾದವರು.

ನಗಿಸುವ ನಾಟಕಗಳೂ ಇವೆಯಾ, ಎಲ್ಲ ಗಂಭೀರವೇನಾ?

ಇವೆ, ಅವಕ್ಕೆ ಜನವೂ ಇದ್ದಾರೆ. ಬೆಲ್ಬೆಲ್ ಅವರ ‘ದೆಸ್ಪ್ರೆಸ್ ದ ಲಾ ಪ್ಲುಜಾ’ (ಮಳೆಯ ನಂತರ), ಬರಗಾಲದಲ್ಲಿ ಗಗನಚುಂಬಿ ಕಟ್ಟಡದ ತಾರಸಿಗೆ ಕದ್ದು ಸಿಗರೇಟು ಸೇದಲು ಬರುವ ನೌಕರರ ನಾಟಕ. ಪ್ಯಾರಿಸ್ ಪ್ರಯೋಗಕ್ಕೆ 1999ರಲ್ಲಿ ಮೋಲಿಯೇರ್ ಪ್ರಶಸ್ತಿ ಬಂತು. ಈಗ ಹಾಸ್ಯದಲ್ಲಿ ಮುಂದಿರುವುದು ಲಾ ಕಲೋರಿಕಾ ತಂಡ. ಅದರ ನಾಟಕಕಾರ ಜುವಾನ್ ಯಾಗೊ ಬರೆದ ‘ಫೇರ್‌ಫ್ಲೈ’ಯಲ್ಲಿ ಕೆಲಸ ಕಳೆದುಕೊಳ್ಳುವ ಗೆಳೆಯರು ನೊಣದ ಮರಿಹುಳುಗಳಿಂದ ಮಕ್ಕಳ ಆಹಾರ ತಯಾರಿಸುವ ಸ್ಟಾರ್ಟ್‌ಅಪ್ ತೆರೆಯುತ್ತಾರೆ. ಹವಾಮಾನ ಬದಲಾವಣೆ ಕುರಿತೂ ಅವರ ನಾಟಕವಿದೆ.

ಸ್ಪೇನಿನಿಂದ ಬೇರೆಯಾಗಬೇಕೆಂಬ ಕ್ಯಾಟಲೋನಿಯಾದ ಸ್ವಾತಂತ್ರ್ಯ ಚಳವಳಿ ನಾಟಕಗಳಲ್ಲಿ ಜೋರಾಗಿ ಕಾಣುತ್ತಾ?

ಹೊರಗಿನವರು ಊಹಿಸುವಷ್ಟು ನೇರವಾಗಿ ಕಾಣುವುದಿಲ್ಲ. ಕಾಸಾನೊವಾಸ್ ಅವರ ‘ಪಾತ್ರಿಯಾ’ (2012) ಅಪವಾದ. ಬಹುತೇಕ ನಾಟಕಕಾರರ ರಾಜಕೀಯ ಮನೆಬಾಡಿಗೆ, ಕೆಲಸದ ಅಭದ್ರತೆ, ಭಯ, ದೇಹ ಇವುಗಳ ಸುತ್ತ ಸುತ್ತುತ್ತದೆ.

## ನಾಟಕ ರಂಗಕ್ಕೆ ಬರುವ ದಾರಿ

ಎಲ್ಲರೂ ಸಾಲಾ ಬೆಕೆಟ್ ಅಂತಾರೆ. ಅಲ್ಲಿ ಅಂಥದ್ದೇನಿದೆ?

1989ರಲ್ಲಿ ಗ್ರಾಸಿಯಾ ಬಡಾವಣೆಯಲ್ಲಿ ಸಾಂಚಿಸ್ ಸಿನಿಸ್ತೆರ್ರಾ ತಮ್ಮ ತಂಡಕ್ಕೊಂದು ನೆಲೆಯಾಗಿ ತೆರೆದ ಪುಟ್ಟ ರಂಗಮಂದಿರ ಅದು. 1997ರಿಂದ ತೋನಿ ಕಾಸಾರೆಸ್ ನಡೆಸಿದರು. 2016ರಲ್ಲಿ ಪೊಬ್ಲೆನೊವ್ ಬಡಾವಣೆಯ ‘ಶಾಂತಿ ಮತ್ತು ನ್ಯಾಯ’ ಎಂಬ ಹಳೆಯ ಕಾರ್ಮಿಕ ಸಹಕಾರ ಸಂಘದ ಕಟ್ಟಡಕ್ಕೆ ಸ್ಥಳಾಂತರವಾಯಿತು. ವಾಸ್ತುಶಿಲ್ಪಿಗಳಾದ ಫ್ಲೋರೆಸ್ ಮತ್ತು ಪ್ರಾಟ್ಸ್ ಹಳೆಯ ಬಾಗಿಲು, ಕಿಟಕಿ, ನೆಲದ ಹಂಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಹೊಸ ಜಾಗಗಳಲ್ಲಿ ಕೂರಿಸಿದ್ದಾರೆ.

ಅದರ ಬಲ ಇರುವುದು ಮೂರು ಕೆಲಸಗಳು ಒಂದೇ ಸೂರಿನಡಿ ನಡೆಯುವುದರಲ್ಲಿ: ಬರವಣಿಗೆ ಕಲಿಸುವುದು, ಬರೆದುದನ್ನು ನಟರಿಂದ ಓದಿಸುವುದು, ಆಮೇಲೆ ಪ್ರಯೋಗ ಮಾಡುವುದು. ‘ಲುಬ್ರದೊರ್’ ಎಂಬ ಅದರ ಕಮ್ಮಟ ವಿಭಾಗ ಬೇಸಿಗೆಯಲ್ಲಿ ಬೇರೆ ಬೇರೆ ದೇಶಗಳ ಯುವ ನಾಟಕಕಾರರನ್ನು ಕೂಡಿಸುತ್ತದೆ. ವಿದ್ಯಾರ್ಥಿ ಬರೆದ ದೃಶ್ಯವನ್ನು ವೃತ್ತಿನಟರ ಬಾಯಲ್ಲಿ ಕೇಳಿಸಿಕೊಳ್ಳುತ್ತಾನೆ. ಯಾವ ವಾಕ್ಯ ನಾಲಿಗೆಗೆ ಒಗ್ಗುತ್ತಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಒಂದು ಭಾಷೆಯ ನಾಟಕವನ್ನು ಮೂವತ್ತು ವರ್ಷಗಳಲ್ಲಿ ಎತ್ತಿ ನಿಲ್ಲಿಸಿದ್ದು ಬಹುಮಾನಗಳಿಗಿಂತ ಹೆಚ್ಚಾಗಿ ಈ ಅಭ್ಯಾಸ ಎಂದು ನಾವು ಬಲವಾಗಿ ನಂಬುತ್ತೇವೆ.

ಹೊಸಬರೊಬ್ಬರು ನಾಟಕ ಬರೆದರೆ ಮುಂದೇನು?

ಕೆಲವು ದಾರಿಗಳು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿವೆ. ಒಂದು, ಸ್ಪರ್ಧೆ. ಮೆನೊರ್ಕಾ ದ್ವೀಪದ ಸಿಯುತದೆಲ್ಯಾ ಪಟ್ಟಣದಿಂದ ಕೊಡುವ ಬೊರ್ನ್ ಪ್ರಶಸ್ತಿ 1970ರಿಂದಿದೆ. ಗೆದ್ದ ನಾಟಕ ಕ್ಯಾಟಲಾನ್, ಸ್ಪ್ಯಾನಿಷ್, ಗಲಿಸಿಯನ್, ಬಾಸ್ಕ್ ನಾಲ್ಕರಲ್ಲೂ ಪ್ರಕಟವಾಗುವುದರಿಂದ ದುಡ್ಡಿಗಿಂತ ದೊಡ್ಡ ಲಾಭ ಅನುವಾದ. ‘ಆರ್ಕಿಮಿಡೀಸ್ ತತ್ವ’ 2011ರಲ್ಲಿ ಇದನ್ನು ಗೆದ್ದಿತ್ತು.

ಇನ್ನೊಂದು ಗಿರೋನಾದ ತೆಂಪೊರಾದಾ ಆಲ್ತಾ ಉತ್ಸವದ ನಾಟಕ ಪಂದ್ಯ, 2011ರಿಂದ. ಎಂಟು ನಾಟಕಕಾರರು, ಒಂದು ರಾತ್ರಿ ಎರಡು ಪಠ್ಯ, ನಟರು ನಾಟಕದ ಪ್ರತಿಯನ್ನು ಕೈಯಲ್ಲಿ ಹಿಡಿದು ಓದುತ್ತಾರೆ, ಬರೆದವರು ಯಾರೆಂದು ಪ್ರೇಕ್ಷಕರಿಗೆ ಗೊತ್ತಿರುವುದಿಲ್ಲ, ಅವರೇ ಮತ ಹಾಕುತ್ತಾರೆ, ಗೆದ್ದದ್ದು ಮುಂದಿನ ಸುತ್ತಿಗೆ. ಇಲ್ಲೊಂದು ಬಲೆಯೂ ಇದೆ. ಒಂದೇ ಓದಿಗೆ ಕಚ್ಚಿಕೊಳ್ಳುವ ಚುರುಕು ಸಂಭಾಷಣೆ ಗೆಲ್ಲುತ್ತದೆ, ಮೌನದ ಮೇಲೆ ನಿಂತ ಪಠ್ಯ ಸೋಲುತ್ತದೆ.

ಕ್ಯಾಟಲೋನಿಯಾ ರಾಷ್ಟ್ರೀಯ ರಂಗಮಂದಿರ 2002ರಿಂದ 2013ರವರೆಗೆ ನಡೆಸಿದ ‘ತೆ-ಸಿಸ್’ ಯೋಜನೆ ಇವೆಲ್ಲಕ್ಕಿಂತ ಉದಾರವಾಗಿತ್ತು. ನಾಟಕಕಾರರಿಗೆ ಸಂಬಳಕೊಟ್ಟು ಬರೆಸಿ, ಅಲ್ಲೇ ನಿರ್ಮಾಣವನ್ನೂ ಮಾಡುತ್ತಿದ್ದರು. ‘ಗ್ರೋನ್‌ಹೋಮ್’ ಹುಟ್ಟಿದ್ದು ಅಲ್ಲೇ. ಅಂಥ ಯೋಜನೆ ನಿಂತದ್ದು ನಷ್ಟ.

ನಾಟಕ ಬರೆದೇ ಬದುಕಬಹುದಾ?

ಕೆಲವೇ ಮಂದಿ ಬದುಕುತ್ತಾರೆ. ಕರ್ತೃವಿಗೆ ಟಿಕೆಟ್ ಆದಾಯದ ಶೇ 10 ಎಂಬುದು ರೂಢಿ. ಮೇಲಿನ ಲೆಕ್ಕದ 600 ಯೂರೊ ಗಳಿಕೆಯಲ್ಲಿ ಅದು ರಾತ್ರಿಗೆ 60. ಆದ್ದರಿಂದ ಹೆಚ್ಚಿನವರು ಪಾಠ ಹೇಳುತ್ತಾರೆ, ನಿರ್ದೇಶಿಸುತ್ತಾರೆ, ಇಲ್ಲವೇ ಟಿವಿಗೆ ಬರೆಯುತ್ತಾರೆ. ಬೆನೆಟ್ ಇ ಜೊರ್ನೆಟ್ 1994ರಲ್ಲಿ ‘ಪೊಬ್ಲೆನೊವ್’ ಧಾರಾವಾಹಿಯಿಂದ ಕ್ಯಾಟಲಾನ್ ಟಿವಿಯಲ್ಲಿ ದೊಡ್ಡ ಪರಂಪರೆಯನ್ನೇ ಆರಂಭಿಸಿದರು. ದಿನನಿತ್ಯದ ಧಾರಾವಾಹಿ ಬರೆದ ಕೈ ರಂಗಕ್ಕೆ ವಾಪಸಾದಾಗ ಸಂಭಾಷಣೆ ಹಗುರವಾಗಿ ಹರಿಯತೊಡಗಿತು. ಗಲ್ಸೆರಾನ್ ಅವರಲ್ಲಿ ಇದು ಎದ್ದು ಕಾಣುತ್ತದೆ.

ಬಾರ್ಸಲೋನಾ ಬಿಟ್ಟು ಬೇರೆ ಕಡೆ ಏನೂ ಇಲ್ವಾ?

ಇದೆ. ವಲೆನ್ಸಿಯಾದ ರೊದೊಲ್ಫ್ ಸಿರೆರಾ 1978ರಲ್ಲಿ ಬರೆದ ‘ಎಲ್ ವೆರಿ ದೆಲ್ ತೆಯಾತ್ರೆ’ (ರಂಗಭೂಮಿಯ ವಿಷ) ಇಬ್ಬರೇ ಪಾತ್ರಧಾರಿಗಳ ನಾಟಕ. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಶ್ರೀಮಂತನೊಬ್ಬ ನಟನನ್ನು ಮನೆಗೆ ಕರೆಸಿ ಸಾವನ್ನು ನಟಿಸಲು ಹೇಳುತ್ತಾನೆ. ಸಣ್ಣ ತಂಡಗಳಿಗೆ ಇದಕ್ಕಿಂತ ಒಳ್ಳೆಯ ಸವಾಲು ಸಿಗುವುದು ಕಷ್ಟ. ಮಯೋರ್ಕಾ ದ್ವೀಪದ ತೋನಿ ಗುಮಿಲಾ ಅವರ ‘ಅಕೊರಾರ್’ (2011) ಏಕವ್ಯಕ್ತಿ ನಾಟಕ. ಮನೆಮಂದಿಯೆಲ್ಲ ಸೇರಿ ಹಂದಿ ಕಡಿಯುವ ದಿನದ ಸುತ್ತ ಬೆಳೆಯುವ ಅದು ಕಣ್ಮರೆಯಾಗುತ್ತಿರುವ ಮಾತು ಮತ್ತು ಬದುಕನ್ನು ದ್ವೀಪದ ಆಡುನುಡಿಯಲ್ಲೇ ಹೇಳುತ್ತದೆ.

## ಆಳಕ್ಕೆ ಇಳಿದವರಿಗೆ

‘ಆರ್ಕಿಮಿಡೀಸ್ ತತ್ವ’ ಆಡಿಸಬೇಕು ಅಂತಿದ್ದೇವೆ. ಎಲ್ಲಿ ಎಡವುತ್ತೇವೆ?

ಕಥೆ ಸರಳ. ಈಜು ಕಲಿಸುವ ಯುವಕ ಅಳುತ್ತಿದ್ದ ಮಗುವಿಗೆ ಮುತ್ತು ಕೊಟ್ಟನೆಂಬ ಮಾತು ಹಬ್ಬುತ್ತದೆ, ಪೋಷಕರು ರೊಚ್ಚಿಗೇಳುತ್ತಾರೆ. ನಡೆದದ್ದೇನು ಎಂದು ನಾಟಕ ಕೊನೆಯವರೆಗೂ ಹೇಳುವುದಿಲ್ಲ. ದೃಶ್ಯಗಳು ಕಾಲಕ್ರಮದಲ್ಲಿಲ್ಲ, ಕೆಲವು ಭಾಗಗಳು ಮರುಕಳಿಸುತ್ತವೆ, ಬಟ್ಟೆ ಬದಲಿಸುವ ಕೋಣೆಯನ್ನು ನಾವು ಇನ್ನೊಂದು ಬದಿಯಿಂದ ನೋಡುತ್ತೇವೆ.

ಮೊದಲ ತಪ್ಪು: ಯುವಕನ ಪಾತ್ರಧಾರಿ ತಾನು ತಪ್ಪಿತಸ್ಥ ಅಥವಾ ನಿರಪರಾಧಿ ಎಂದು ನಿರ್ಧರಿಸಿ ಅದನ್ನು ‘ತೋರಿಸುವುದು’. ತೋರಿಸಿದ ಕ್ಷಣವೇ ಪ್ರೇಕ್ಷಕ ಅನುಮಾನಿಸುವುದನ್ನು ಬಿಡುತ್ತಾನೆ, ನಾಟಕಕ್ಕೆ ಉಸಿರೇ ಅನುಮಾನ. ಎರಡನೆಯದು: ಮರುಕಳಿಸುವ ಭಾಗಗಳನ್ನು ಬೇರೆ ಭಾವದಲ್ಲಿ ಆಡುವುದು. ಮಾತು, ಹೆಜ್ಜೆ, ಟವೆಲ್ ಎತ್ತಿಕೊಳ್ಳುವ ಕೈ, ಎಲ್ಲವೂ ಮೊದಲಿನಂತೆಯೇ ಇರಬೇಕು. ಬದಲಾಗಬೇಕಾದದ್ದು ಪ್ರೇಕ್ಷಕನ ಕಣ್ಣು. ತಾಲೀಮಿನಲ್ಲಿ ಈ ಭಾಗಗಳನ್ನು ಬೆನ್ನುಬೆನ್ನಿಗೆ ಆಡಿಸಿ, ವಿಡಿಯೊ ತೆಗೆದು ಹೋಲಿಸಿ. ಮೂರನೆಯದು ದೃಶ್ಯಸಜ್ಜಿಕೆ. ತಿರುಗುವ ವೇದಿಕೆ ಇಲ್ಲದಿದ್ದರೆ ಬೆಂಚು ಮತ್ತು ಲಾಕರ್‌ಗಳನ್ನು ಗಾಲಿಯ ಮೇಲೆ ಕೂರಿಸಿ ಕತ್ತಲಲ್ಲಿ ಅದಲು ಬದಲು ಮಾಡಬಹುದು, ಆದರೆ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು. ಕತ್ತಲು ಉದ್ದವಾದರೆ ಪ್ರೇಕ್ಷಕರು ಪಕ್ಕದವರೊಂದಿಗೆ ಚರ್ಚೆ ಶುರುಮಾಡುತ್ತಾರೆ, ಬಿಗಿ ಸಡಿಲಾಗುತ್ತದೆ.

ಕುನಿಲ್ಯೆ ನಾಟಕ ಓದುವಾಗ ಚೆನ್ನಾಗಿರುತ್ತೆ, ಆಡಿದಾಗ ಸಪ್ಪೆ. ಏನು ಮಾಡಬೇಕು?

ಮೌನಗಳಲ್ಲಿ ಸಂಗೀತ ತುಂಬಬೇಡಿ. ಪಾತ್ರದ ಹಿನ್ನೆಲೆ ನಟನಿಗೆ ಗೊತ್ತಿರಲಿ, ಮುಖದ ಮೇಲೆ ದುಃಖವಾಗಿ ಕಾಣದಿರಲಿ. ಅವರ ಪಾತ್ರಗಳು ಕ್ಷುಲ್ಲಕ ವಿಷಯಗಳ ಬಗ್ಗೆ ಬಹಳ ಶ್ರದ್ಧೆಯಿಂದ ಮಾತಾಡುತ್ತವೆ; ಆ ಶ್ರದ್ಧೆಯನ್ನು ಆಡಿದರೆ ಅಡಗಿಸಿಟ್ಟದ್ದು ತಾನಾಗಿ ಕೇಳಿಸುತ್ತದೆ. ಮೊದಲ ವಾರವಿಡೀ ಮೇಜಿನ ಸುತ್ತ ಕೂತು, ಭಾವ ಸೇರಿಸದೆ, ವೇಗವಾಗಿ ಓದಿ. ನಿಧಾನವಾಗಿ ಓದುವುದೇ ಸಪ್ಪೆಗೆ ಮುಖ್ಯ ಕಾರಣ.

ಸ್ಪ್ಯಾನಿಷ್ ಆವೃತ್ತಿಯಿಂದ ಅನುವಾದಿಸಿದರೆ ಸಾಲದಾ?

ಕೆಲವೊಮ್ಮೆ ಸಾಕು. ಗಲ್ಸೆರಾನ್, ಕ್ಲುವಾ, ಮಿರೊ ಮುಂತಾದವರ ನಾಟಕಗಳಿಗೆ ಮ್ಯಾಡ್ರಿಡ್‌ನಲ್ಲಿ ಆಡಿದ ಸ್ಪ್ಯಾನಿಷ್ ಪಠ್ಯಗಳಿವೆ, ಕೆಲವನ್ನು ಅವರೇ ಸಿದ್ಧಪಡಿಸಿದ್ದು. ತೊಂದರೆ ಬರುವುದು ಮೂಲದಲ್ಲಿ ಎರಡು ಭಾಷೆ ಇದ್ದಾಗ. ಕ್ಯಾಟಲಾನ್ ಪಠ್ಯದಲ್ಲಿ ಒಂದು ಪಾತ್ರ ಥಟ್ಟನೆ ಸ್ಪ್ಯಾನಿಷ್‌ಗೆ ತಿರುಗಿದರೆ ಅದು ವರ್ಗ, ವಲಸೆ, ಅಧಿಕಾರ ಏನನ್ನೋ ಹೇಳುತ್ತಿರುತ್ತದೆ. ಸ್ಪ್ಯಾನಿಷ್ ಆವೃತ್ತಿಯಲ್ಲಿ ಎಲ್ಲರೂ ಒಂದೇ ಭಾಷೆ ಆಡುವುದರಿಂದ ಆ ತಿರುವು ಅಳಿಸಿಹೋಗಿರುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ಅರ್ಥವಾಗದಿದ್ದರೂ ಸಾಲಿಗೆ ಸಾಲು ಹೋಲಿಸಿ, ಎಲ್ಲಿ ಭಾಷೆ ಬದಲಾಗಿದೆ ಎಂದು ಗುರುತು ಮಾಡಿಕೊಳ್ಳಿ. ಕನ್ನಡಕ್ಕೆ ತರುವಾಗ ಅಲ್ಲಿ ಇನ್ನೊಂದು ಸೀಮೆಯ ಕನ್ನಡವೋ ಬೇರೆ ಭಾಷೆಯೋ ಎಂಬುದನ್ನು ಪ್ರಯೋಗ ನಡೆಯುವ ಊರು ನೋಡಿ ತೀರ್ಮಾನಿಸಬೇಕು. ಬಳ್ಳಾರಿಯ ಪ್ರೇಕ್ಷಕರಿಗೆ ತೆಲುಗು ಮಾಡುವ ಕೆಲಸವನ್ನು ಧಾರವಾಡದಲ್ಲಿ ಅದು ಮಾಡಲಾರದು.

ಕನ್ನಡದಲ್ಲಿ ಆಡಲು ಹಕ್ಕು ಯಾರಿಂದ ಪಡೆಯಬೇಕು?

ಬದುಕಿರುವ ನಾಟಕಕಾರರಾದರೆ ಅವರ ಏಜೆಂಟ್ ಅಥವಾ ಹಕ್ಕು ಸಂಸ್ಥೆಯಿಂದ, ಅನುವಾದ ಶುರು ಮಾಡುವ ಮೊದಲೇ. ಅನುವಾದಿಸುವ ಹಕ್ಕು, ಆಡುವ ಹಕ್ಕು, ಅಚ್ಚು ಹಾಕುವ ಹಕ್ಕು ಮೂರೂ ಬೇರೆ ಬೇರೆ. ಪತ್ರದಲ್ಲಿ ಭಾಷೆ, ಪ್ರಯೋಗಗಳ ಸಂಖ್ಯೆ, ಆಸನಗಳ ಸಂಖ್ಯೆ, ಟಿಕೆಟ್ ದರ, ಊರುಗಳನ್ನು ಬರೆಯಿರಿ. ಹವ್ಯಾಸಿ ತಂಡವಾದರೆ ಅದನ್ನೂ ತಿಳಿಸಿ. ಬಾರ್ಸಲೋನಾದ ರಾಮೊನ್ ಲ್ಯುಲ್ ಸಂಸ್ಥೆ ಕ್ಯಾಟಲಾನ್ ಸಾಹಿತ್ಯದ ಅನುವಾದಗಳನ್ನು ಪ್ರಕಟಿಸುವವರಿಗೆ ಸಹಾಯಧನ ಕೊಡುತ್ತದೆ. ಅನುವಾದಗೊಂಡ ಕ್ಯಾಟಲಾನ್ ನಾಟಕಗಳನ್ನು ಹುಡುಕಲು ‘ಕ್ಯಾಟಲಾನ್‌ಡ್ರಾಮಾ’ ಎಂಬ ಆನ್‌ಲೈನ್ ಸಂಗ್ರಹವಿದೆ.

ತೀರಿಕೊಂಡವರ ವಿಷಯದಲ್ಲಿ ಅವಧಿ ನೋಡಿ. ಭಾರತದಲ್ಲಿ ಕರ್ತೃ ತೀರಿದ ಮುಂದಿನ ವರ್ಷದಿಂದ 60 ವರ್ಷ. ಸ್ಪೇನಿನಲ್ಲಿ 1987ರ ಡಿಸೆಂಬರಿಗೆ ಮುಂಚೆ ತೀರಿದವರಿಗೆ 80 ವರ್ಷ, ನಂತರದವರಿಗೆ 70. ಗಿಮೆರಾ ನಾಟಕಗಳು ಎರಡೂ ಕಡೆ ಮುಕ್ತ. 1961ರಲ್ಲಿ ತೀರಿದ ಜುಜೆಪ್ ಮರಿಯಾ ದ ಸಗಾರಾ ಅವರ ನಾಟಕಗಳು ಭಾರತದಲ್ಲಿ 2021ರ ಕೊನೆಗೆ ಮುಕ್ತವಾದವು, ಸ್ಪೇನಿನಲ್ಲಿ 2041ರ ಕೊನೆಯವರೆಗೆ ಇಲ್ಲ. ಬೆನೆಟ್ ಇ ಜೊರ್ನೆಟ್ ಅವರದು ಭಾರತದಲ್ಲಿ 2080ರವರೆಗೆ ರಕ್ಷಿತ. ಮೂಲ ಮುಕ್ತವಾಗಿದ್ದರೂ ನೀವು ಆಧರಿಸಿದ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಅನುವಾದಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ, ಆ ಅನುಮತಿಯನ್ನೂ ಪಡೆಯಬೇಕು.